ಫರ್ನೇಸಿನಲ್ಲಿ ಬೆಂದ ಮಾವಿನ ಕೇಕು

ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳದಿದ್ದರೆ ಏನು ಮಾಡುವುದು? ತೊಂಬತ್ತರ ದಶಕದ ಬೆಂಗಳೂರಿನ ಪೀಣ್ಯದಲ್ಲಿ ಬೆಂಕಿಯ ವಿಷಯ ನನ್ನಷ್ಟು ತಿಳಿದವರು ಕಡಿಮೆ. ಗಿಯರುಗಳನ್ನು ಕಾಯಿಸಿ ಹದಕ್ಕೆ ತರುವ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ನಾನು ಸೂಪರ್‌ವೈಸರ್. ಅಂಥವನು ಮಗಳ ಹುಟ್ಟುಹಬ್ಬಕ್ಕೆ ಒಂದು ಮಾವಿನಹಣ್ಣಿನ ಕೇಕು ಬೇಯಿಸಲಾರೆನೇ?

ಕೇಕು ಮನೆಯಲ್ಲೇ ಆಗಬೇಕಾಗಿ ಬಂದದ್ದು ನನ್ನ ಮಾವನವರಿಂದ. ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ರಾಣೆಬೆನ್ನೂರಿನಿಂದ ದಾಸರಹಳ್ಳಿಯ ನಮ್ಮ ಬಾಡಿಗೆ ಮನೆಗೆ ಬಂದಿದ್ದರು. ಮೊಟ್ಟೆ ಹಾಕುತ್ತಾರೆಂದು ಬೇಕರಿ ಕೇಕನ್ನು ಮೂಸಿಯೂ ನೋಡುವವರಲ್ಲ. ಸಾಲದ್ದಕ್ಕೆ ಬಾಯಲ್ಲಿ ಒಂದೂ ಹಲ್ಲಿಲ್ಲ. ಎಲ್ಲ ಕೀಳಿಸಿಕೊಂಡಿದ್ದರು, ಹೊಸ ಸೆಟ್ಟು ಇನ್ನೂ ಬಂದಿರಲಿಲ್ಲ!

"ಅಜ್ಜ ತಿನ್ನದೇ ಇರೋ ಕೇಕು ನನಗೂ ಬೇಡ," ಎಂದು ಮಗಳು ಅಕ್ಷತಾ ಮುಖ ಊದಿಸಿಕೊಂಡಳು.

"ಬೆಣ್ಣೆಯಂಥ ಕೇಕು ನಾನು ಮಾಡ್ತೀನಿ!" ಎಂದೆ. ಹೇಳಿದ ಮೇಲೆ ಮುಗಿಯಿತು. ನಿಜ ಹೇಳಬೇಕೆಂದರೆ ಮಗಳಿಗಿಂತ ಮಾವನವರನ್ನು ಗೆಲ್ಲುವ ಆಸೆ ನನಗಿತ್ತು. ಮದುವೆಯಾದಾಗಿನಿಂದ ಅವರು ನನ್ನ ಉದ್ಯೋಗವನ್ನು "ಕಬ್ಬಿಣ ಕಾಸೂದು" ಎಂದೇ ಕರೆಯುತ್ತಿದ್ದರು. ಅದರ ಮೇಲೆ, ಆ ವಾರವಷ್ಟೇ ನನ್ನ ಕೈಯಲ್ಲಿ ಹದಗೊಂಡು ಹೋದ ಗಿಯರುಗಳು ಮೆತ್ತಗಾಗಿವೆಯೆಂದು ಗಿರಾಕಿ ಎಲ್ಲವನ್ನೂ ವಾಪಸ್ ಕಳಿಸಿದ್ದ. ನನ್ನ ಧರ್ಮಪತ್ನಿ ಗಿರಿಜಾ ಈ ಶುಭವಾರ್ತೆಯನ್ನು ಅಪ್ಪನ ಕಿವಿಗೆ ಹಾಕಿಯೂ ಆಗಿತ್ತು.

ಮನೆ ಓನರ್ ಮುನಿಯಮ್ಮನವರು ಕಾಂಪೌಂಡಿನ ಮರದಿಂದ ಒಂದು ಬುಟ್ಟಿ ಹಣ್ಣು ಕೊಟ್ಟರು. ಕೇಕಿಗೆ ಎಂದಾಗ ಅವರಿಗೆ ಗಾಬರಿಯೇ ಆಯಿತು. "ಅಲ್ಲಾ ಸಾಮಿ, ಇಂಥಾ ಅಣ್ಣು ಅಂಗೇ ತಿಂದ್ರೆ ಏನಾಯ್ತದೆ? ಯಾಕೆ ಬೇಯಿಸ್ತೀರ?"

"ಇದು ಟೆಕ್ನಿಕಲ್ ವಿಷಯ ಮುನಿಯಮ್ಮ, ಬಿಡಿ."

ಗಿರಿಜಾ ಬುಟ್ಟಿಯಿಂದ ಅರ್ಧದಷ್ಟು ಹಣ್ಣು ಸದ್ದಿಲ್ಲದೆ ಎತ್ತಿಟ್ಟುಕೊಂಡಳು. ಆಮೇಲೆ, "ರೀ, ಕುಕ್ಕರ್ ತಳಕ್ಕೆ ಮರಳು ಹಾಕಿ, ಅದರ ಮೇಲೆ ಪಾತ್ರೆ ಇಟ್ಟರೆ ಸಾಕು. ಎದುರುಮನೆಯವರು ಹಾಗೇ ಮಾಡೋದು," ಎಂದಳು.

ಮರಳು! ನೂರ ಎಂಬತ್ತು ಡಿಗ್ರಿಯನ್ನು ಕೂದಲೆಳೆಯಷ್ಟೂ ಅಲುಗದಂತೆ ಹಿಡಿದು ನಿಲ್ಲಿಸುವ ಫ್ಯಾಕ್ಟರಿಯ ಫರ್ನೇಸ್ ನನ್ನ ಸುಪರ್ದಿಯಲ್ಲಿರುವಾಗ ನಾನು ಮರಳಿಗೆ ಕೈಯೊಡ್ಡುವುದೇ?

ಭಾನುವಾರ ಮಾವಿನ ರಸ, ಮೈದಾ, ಸಕ್ಕರೆ, ಮೊಸರು, ಸೋಡಾ ಎಲ್ಲ ಕಲಸಿ ಸ್ಟೀಲ್ ಡಬ್ಬಿಗೆ ಸುರಿದು, ಸ್ಕೂಟರಿನಲ್ಲಿ ಎರಡು ಕಾಲುಗಳ ನಡುವೆ ಇಟ್ಟುಕೊಂಡು ಹೊರಟೆ. ತುಮಕೂರು ರಸ್ತೆಯ ಲಾರಿಗಳ ಮಧ್ಯೆ ಹಿಟ್ಟು ಉಬ್ಬತೊಡಗಿತು. ಸೋಡಾ ನಾನೇ ಧಾರಾಳವಾಗಿ ಹಾಕಿದ್ದೆ. ಸಿಗ್ನಲ್ಲಿನಲ್ಲಿ ಮುಚ್ಚಳ ಟಪ್ಪೆಂದು ಹಾರಿ, ಹಳದಿ ಹಿಟ್ಟು ಪ್ಯಾಂಟಿನ ಮೇಲೆಲ್ಲ ಹರಿಯಿತು! ಪಕ್ಕದ ಆಟೋದವನು ನನ್ನ ಪ್ಯಾಂಟು ನೋಡಿ, "ಏನ್ ಸಾರ್, ಹುಷಾರಿಲ್ವಾ?" ಎಂದ. ನಾನು ಗಂಭೀರವಾಗಿ ಮುಂದೆ ನೋಡಿದೆ.

ಫ್ಯಾಕ್ಟರಿಯಲ್ಲಿ ಆಪರೇಟರ್ ಬಸವರಾಜು ಡಬ್ಬಿಯಲ್ಲಿ ಉಳಿದಿದ್ದನ್ನು ಇಣುಕಿ ನೋಡಿದ. "ಸಾರ್, ಇದು ಯಾವ ಪಾರ್ಟಿ ಮಾಲು?"

"ಬರ್ತ್‌ಡೇ ಪಾರ್ಟಿ ಮಾಲು ಕಣಯ್ಯ!"

ಇಲ್ಲಿ ನನ್ನ ವಿದ್ಯೆಯ ಒಂದು ಗುಟ್ಟು ಹೇಳಬೇಕು. ಗಿಯರನ್ನು ಮೊದಲು ಕೆಂಡದಂತೆ ಕಾಯಿಸಿ ಎಣ್ಣೆಗೆ ಅದ್ದಿ ಗಟ್ಟಿ ಮಾಡುತ್ತೇವೆ. ಆಮೇಲೆ ಈ ಸಣ್ಣ ಫರ್ನೇಸಿನಲ್ಲಿಟ್ಟು ಆ ಬಿರುಸನ್ನು ಇಳಿಸುತ್ತೇವೆ. ಹೆಚ್ಚು ಹೊತ್ತು ಇಟ್ಟಷ್ಟೂ ಅದು ಮೆತ್ತಗಾಗುತ್ತದೆ. ಗಿಯರುಗಳು ವಾಪಸ್ ಬಂದದ್ದೂ ಇದೇ ಕಾರಣಕ್ಕೆ. ನಾನು ಅವನ್ನು ಒಳಗಿಟ್ಟು ಮರೆತಿದ್ದೆ. ಕೇಕಿಗೆ ಮುಕ್ಕಾಲು ಗಂಟೆ ಸಾಕು ಎಂದು ಗಿರಿಜಾ ಹೇಳಿದ್ದಳು. ಹಲ್ಲಿಲ್ಲದ ಮಾವನವರಿಗೆ ಮುಕ್ಕಾಲು ಗಂಟೆಯ ಮೆದುತನ ಎಲ್ಲಿಗೆ ಸಾಲುತ್ತದೆ? ಮೂರು ಗಂಟೆ ಇಟ್ಟೆ!

ಮೊದಮೊದಲು ಶೆಡ್ಡಿನಲ್ಲೆಲ್ಲ ಮಾವಿನ ಘಮ ಹರಡಿದಾಗ ನನಗೆ ಎಂಥ ಹೆಮ್ಮೆ ಅಂತೀರಿ! ಆಮೇಲಾಮೇಲೆ ವಾಸನೆ ಬದಲಾಯಿತು. "ಸಾರ್, ತೆಗೆದ್ಬಿಡ್ಲಾ?" ಎಂದು ಬಸವರಾಜು ಕೇಳುತ್ತಲೇ ಇದ್ದ. "ಬಿರುಸು ಇಳೀತಾ ಇದೆ, ಸುಮ್ನಿರು," ಎಂದೆ.

ಕೊನೆಗೆ ಹೊರಬಂದ ಕೇಕು ಎಷ್ಟು ಚೆನ್ನಾಗಿತ್ತು! ದುಂಡಗೆ, ಕಂದುಬಣ್ಣಕ್ಕೆ, ಒಂದು ಬಿರುಕಿಲ್ಲದೆ ಮಿನುಗುತ್ತಿತ್ತು. ಡಬ್ಬಿ ಬೋರಲು ಹಾಕಿದಾಗ ಠಣ್ಣೆಂದು ಶಬ್ದ ಮಾತ್ರ ಬಂತು. ಡಬ್ಬಿಯ ಶಬ್ದ ಎಂದುಕೊಂಡೆ.

ಸಂಜೆ ವಠಾರದ ಮಕ್ಕಳೆಲ್ಲ ಸೇರಿದರು. ಅಕ್ಷತಾ ಕ್ಯಾಂಡಲ್ ಚುಚ್ಚಲು ಹೋದಳು. ಕ್ಯಾಂಡಲ್ ಮುರಿಯಿತು. ಚಾಕು ಇಟ್ಟಳು. ಚಾಕು ಜಾರಿತು. ನಾನು ಮೇಲೆ ಬಿದ್ದು ಒತ್ತಿದೆ. ಚಾಕು ಬಾಗಿತು!

"ಬೆಣ್ಣೆಯಂಥ ಕೇಕು ಅಂದಿದ್ರಿ," ಎಂದಳು ಗಿರಿಜಾ.

"ಫ್ರಿಜ್ಜಿನಲ್ಲಿಟ್ಟ ಬೆಣ್ಣೆ," ಎಂದೆ. ಯಾರೂ ನಗಲಿಲ್ಲ. ಅಕ್ಷತಾ ಮುರಿದ ಕ್ಯಾಂಡಲ್ ಹಿಡಿದು ಅಳುವ ಹಾಗಿದ್ದಳು. ಇನ್ನು ಮಾನ ಉಳಿಸಲು ಒಂದೇ ದಾರಿ. ಸ್ಕೂಟರಿನ ಡಿಕ್ಕಿಯಿಂದ ಕಬ್ಬಿಣ ಕೊಯ್ಯುವ ಗರಗಸ ತಂದು, ತೊಳೆದು, ಮಗಳ ಕೈಯನ್ನು ನನ್ನ ಕೈಯೊಳಗೆ ಹಿಡಿದು ಕೊಯ್ಯತೊಡಗಿದೆ. ಪುಡಿ ಹಾರಿದ್ದೇ ತಡ, ಮಕ್ಕಳು ಕೇಕೆ ಹಾಕಿದರು. ಹಾಡು ಶುರುವಾಯಿತು. ಅಳಬೇಕೆಂದಿದ್ದ ಅಕ್ಷತಾ, "ನಮ್ಮಪ್ಪನ ಕೇಕು, ಗರಗಸದಲ್ಲೇ ಕಟ್ ಮಾಡ್ಬೇಕು!" ಎಂದು ಎಲ್ಲರಿಗೂ ಸಾರಿದಳು. ಅಷ್ಟು ಹೆಮ್ಮೆ ನನಗೆ ಪ್ರಮೋಷನ್ ಸಿಕ್ಕಾಗಲೂ ಆಗಿರಲಿಲ್ಲ!

ಮೊದಲ ತುಂಡನ್ನು ಅವಳು ಅಜ್ಜನ ಬಾಯಿಗಿಟ್ಟಳು. ಮಾವನವರು ಅದನ್ನು ಆ ದವಡೆಯಿಂದ ಈ ದವಡೆಗೆ ಉರುಳಿಸಿದರು. ತುಂಬ ಹೊತ್ತಿನ ಮೇಲೆ ತುಂಡು ಹೇಗಿತ್ತೋ ಹಾಗೆಯೇ ಹೊರಬಂತು.

ಗಿರಿಜಾ ಒಳಗಿನಿಂದ ಪಾತ್ರೆ ತಂದಳು. ಎತ್ತಿಟ್ಟುಕೊಂಡಿದ್ದ ಹಣ್ಣಿಗೆ ಹಾಲು, ಬೆಲ್ಲ, ಏಲಕ್ಕಿ ಬೆರೆಸಿದ ಸೀಕರಣೆ! "ನಿಮ್ಮನ್ನ ನಂಬ್ಕೊಂಡು ಕೂರೋಕಾಗುತ್ತಾ?" ಎಂದಳು.

ಮಾವನವರು ಒಂದು ಬಟ್ಟಲು ಸೊರ್ರನೆ ಮುಗಿಸಿ, ಮೀಸೆ ಒರೆಸಿಕೊಂಡು, ನನ್ನತ್ತ ಬಹಳ ಪ್ರೀತಿಯಿಂದ ತಿರುಗಿದರು.

"ಅಳಿಯಂದ್ರ, ಬೇಜಾರ ಮಾಡ್ಕೋಬ್ಯಾಡ್ರಿ. ನಿಮ್ಮ ಕೈಯಾಗಿಂದು ಏನರ ತಿನ್ನಬೇಕಂತ ನನಗೂ ಭಾಳ ಆಸೆ ಐತಿ. ಮೆತ್ತಗಾಗ್ಯಾವು ಅಂತ ಗಿಯರು ವಾಪಸ್ ಬಂದಾವಂತಲ್ಲ? ಅವನ್ನಾರ ಎರಡು ತರ್ರಿ, ತಿಂತೀನಿ!"

ಈ ಸೂಪರ್‌ವೈಸರ್ ಸಾಹೇಬರು ತಲೆ ತಗ್ಗಿಸಿ, ಸೀಕರಣೆಗೆ ಬಟ್ಟಲು ಮುಂದೆ ಹಿಡಿದರು.