ಎಳೇ ಕುಂಬಳಕಾಯಿ ಮತ್ತು ಸಾಹೇಬರ ಬೆರಳು

ಕೈತೋಟ ಮಾಡಿಸುವ ಕೆಲಸಕ್ಕೆ ಸೇರಿದವರಿಗೆ ಇಂಥವು ಆಗುತ್ತಲೇ ಇರುತ್ತವೆ. ಗಿಡ ಬೇರೆಯವರ ಹಿತ್ತಲಲ್ಲಿ, ಎದೆ ಡವಡವ ಎನ್ನುವುದು ಮಾತ್ರ ನಮ್ಮದು. ಎಪ್ಪತ್ತರ ದಶಕದಲ್ಲಿ ನಾನು ಧರ್ಮಪುರದ ಕಡೆ ಗ್ರಾಮಸೇವಕಿ. ತರಕಾರಿ ಬೀಜ ಹಂಚಿ, ಬಚ್ಚಲ ನೀರಿನಲ್ಲೇ ಬೆಳೆದು ತಿನ್ನಿ ಎಂದು ಮನೆಮನೆಗೂ ಹೇಳುವುದು ನನ್ನ ಕೆಲಸ. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಹಿರಿಯೂರಿನಿಂದ ಸಾಹೇಬರು ಬಂದು ಒಂದಾದರೂ ತೋಟ ಮೆಚ್ಚಬೇಕು, ಇಲ್ಲದಿದ್ದರೆ ನಾನು ಮನೆಗೆ. ನನ್ನ ಪ್ರಾಣವೆಲ್ಲ ಒಬ್ಬ ಅಜ್ಜಿಯ ಹಿತ್ತಲಲ್ಲಿತ್ತು.

೧. ಕಳೆ

ಅಜ್ಜಿಯ ಹಿತ್ತಲಲ್ಲಿ ಕೋಸು, ಪಾಲಕ್ ಮೊಳೆತವು. "ಕಳೆ ಬಿಡಬ್ಯಾಡ್ರಿ ಅಜ್ಜಿ" ಎಂದು ಹೇಳಿ ಬಂದೆ. ವಾರ ಬಿಟ್ಟು ಹೋದರೆ ಅಜ್ಜಿ ಹಿಗ್ಗಿನಿಂದ ಕರೆದಳು.

"ಬಾರವ್ವಾ, ಒಂದು ಕಳೆ ಬಿಟ್ಟಿಲ್ಲ ನೋಡು."

ನೋಡಿದೆ. ಹೊಲದಲ್ಲಿ ತಾವಾಗಿಯೇ ಹುಟ್ಟುವ ಅಣ್ಣೆಸೊಪ್ಪು, ಗೋಣಿಸೊಪ್ಪು ಸೊಂಪಾಗಿ ನಿಂತಿದ್ದವು. ಕೋಸಿನ ಒಂದು ಸಸಿಯೂ ಇಲ್ಲ!

"ಅಜ್ಜಿ, ನಾನು ಕೊಟ್ಟಿದ್ದು ಎಲ್ಲಿ?"

"ಅದೇನೋ ಗುರುತಿಲ್ಲದ ಗಿಡ ಹುಟ್ಟಿದ್ವು, ಎಲ್ಲಾ ಕಿತ್ತು ಎಮ್ಮೆಗೆ ಹಾಕ್ದೆ. ಅದೂ ಮೂಸಿ ನೋಡಿ ಬಿಡ್ತು."

ಅವತ್ತು ಅಲ್ಲೇ ಅಣ್ಣೆಸೊಪ್ಪಿನ ಸಾರು, ಮುದ್ದೆ ಉಂಡೆ. ರುಚಿಯಾಗಿತ್ತು, ಅದೇ ಇನ್ನೊಂದು ಸಂಕಟ.

೨. ಗೊಬ್ಬರ

ಈ ಸಲ ಅಜ್ಜಿಗೆ ಗುರುತಿರುವ ಮೂಲಂಗಿ, ಬೆಂಡೆ ಹಾಕಿಸಿದೆ. ಚೆನ್ನಾಗಿಯೇ ಎದ್ದವು. ಆದರೆ ಸಾಹೇಬರು ಬರುವ ಸುದ್ದಿ ಬಂದದ್ದೇ ತಡ, ನನ್ನ ಕಣ್ಣಿಗೆ ಎಲ್ಲ ಗಿಡವೂ ಸೊರಗಿದಂತೆ ಕಂಡವು. ದಾರಿಯಲ್ಲಿ ಸಿಕ್ಕ ಕುರಿ ಕಾಯುವವನಿಗೆ, "ಅಜ್ಜಿ ಹಿತ್ತಲಿಗೆ ಸ್ವಲ್ಪ ಕುರಿಗೊಬ್ಬರ ಬೇಕಿತ್ತಣ್ಣ" ಅಂದೆ. ನನ್ನ ಮನಸ್ಸಿನಲ್ಲಿದ್ದದ್ದು ಒಂದು ಬುಟ್ಟಿ. ಆ ಕಡೆ ಕುರಿಗೊಬ್ಬರ ಬುಟ್ಟಿಯಲ್ಲಿ ಬರುವುದಿಲ್ಲ. ಹೊಲದಲ್ಲಿ ಮಂದೆ ನಿಲ್ಲಿಸಿದರೆ ಕುರಿಗಳೇ ಹಾಕಿ ಹೋಗುತ್ತವೆ. ಬೆಳಿಗ್ಗೆ ಹೋಗಿ ನೋಡುತ್ತೇನೆ, ಹಿತ್ತಲ ತುಂಬ ಕುರಿ!

"ಗಿಡ ಇದ್ವಲ್ಲೋ ಅಣ್ಣಾ!" ಎಂದು ಅತ್ತೇಬಿಟ್ಟೆ.

"ಅಳಬ್ಯಾಡ್ರಿ ಅಕ್ಕಾರೆ. ಗಿಡ ನಾಳೆ ಬರ್ತಾವೆ, ಇಂಥಾ ಗೊಬ್ಬರ ಎಲ್ಲೈತೆ?"

೩. ಬೆರಳು

ಮಾಳಿಗೆ ಮೇಲೆ ಅಜ್ಜಿ ತಾನೇ ಹಬ್ಬಿಸಿಕೊಂಡಿದ್ದ ಕುಂಬಳದ ಬಳ್ಳಿಯೊಂದು ಉಳಿಯಿತು. ಸಾಹೇಬರ ಜೀಪು ಬಂದೇಬಿಟ್ಟಿತು. ಅವರು ತಲೆ ಎತ್ತಿ, ಬೆರಳು ಚಾಚಿ, ಎಳೇ ಕಾಯಿಗಳನ್ನು ಎಣಿಸತೊಡಗಿದರು. ಅಜ್ಜಿ ಓಡಿಬಂದು ಅವರ ಬೆರಳನ್ನೇ ಹಿಡಿದುಕೊಂಡಳು.

"ಮಡಚ್ರಿ ಸಾಹೇಬ್ರೆ, ಬೆರಳು ಮಡಚ್ರಿ! ಎಳೇ ಕಾಯಿಗೆ ಬೆರಳು ತೋರ್ಸಿದ್ರೆ ಕೊಳೆತು ಹೋಗ್ತಾವೆ!"

ಮುಗಿಯಿತು ನನ್ನ ನೌಕರಿ, ಅಂದುಕೊಂಡೆ. ಸಾಹೇಬರ ಮುಖ ಕೆಂಪಾಯಿತು.

"ಇದನ್ನೇನಮ್ಮ ನೀನು ಊರಿಗೆ ಕಲಿಸ್ತಿರೋದು?"

ಸಾಹೇಬರು ಕಾಯಿ ನೋಡಿದರು, ಅಜ್ಜಿಯ ಮುಷ್ಟಿಯಲ್ಲಿದ್ದ ತಮ್ಮ ಬೆರಳು ನೋಡಿದರು. ಆಮೇಲೆ ಮೆಲ್ಲಗೆ ಅಂದರು:

"ನಮ್ಮನೆ ಸೋರೆಕಾಯೂ ಎಳೇದರಲ್ಲೇ ಕೊಳೀತಾ ಐತೆ ಅಜ್ಜಿ. ನಾನು ದಿನಾ ಎಣಿಸ್ತೀನಿ."

"ಅದಕ್ಕೇ ಮತ್ತೆ!" ಅಂದಳು ಅಜ್ಜಿ.

ಸಾಹೇಬರು ಬೆರಳು ಮಡಚಿ, ಮೊದಲಿನಿಂದ ಎಣಿಸಿದರು.

ಮುಂದಿನ ತಿಂಗಳು ಹಿರಿಯೂರಿನಲ್ಲಿ ಮೀಟಿಂಗು. ಯಾರನ್ನು ಇಟ್ಟುಕೊಳ್ಳುವುದು, ಯಾರನ್ನು ಬಿಡುವುದು ಎಂದು ಅಲ್ಲೇ ತೀರ್ಮಾನ. ನಾನು ಸೆರಗಿನ ತುದಿ ಹಿಂಡುತ್ತ ಹಿಂದೆ ಕುಳಿತಿದ್ದೆ. "ಅಗೋ, ಆಯಮ್ಮನ್ನ ಖಾಯಂ ಮಾಡ್ರಿ" ಎಂದು ಸಾಹೇಬರು ನನ್ನತ್ತ ಬೆರಳು ಚಾಚಿದವರು, ತಟ್ಟನೆ ನಿಂತು, ಬೆರಳು ಮಡಚಿಕೊಂಡು ತೋರಿಸಿದರು.

ಎಷ್ಟಾದರೂ ಎಳೇ ನೌಕರಿ!