ಸುದ್ದಿಪತ್ರದ ಹದ್ದುಬಸ್ತು

ಸುದ್ದಿಪತ್ರ ತರುವುದು ಒಂದು ಕೆಲಸವೇ ಅಲ್ಲ ಎಂದು ನಾನು ನಂಬಿದ್ದೆ. ನಾಲ್ಕು ಪುಟ. ನಾಲ್ಕು ಫೋಟೊ. ನಾಲ್ಕು ತಾಲ್ಲೂಕಿನ ಸುದ್ದಿ. ಇಪ್ಪತ್ತೆರಡು ವರ್ಷ ಊರವರ ಹೊಲ ಅಳೆದು ನಕ್ಷೆ ಬರೆದ ಕೈಗೆ ನಾಲ್ಕು ಪುಟ ತುಂಬಿಸುವುದು ಯಾವ ಮಹಾ!

ನಾನು ಕೊಪ್ಪಳದಲ್ಲಿ ಭೂಮಾಪಕ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಭೂಮಾಪಕರೆಲ್ಲ ಸೇರಿ ಕಟ್ಟಿಕೊಂಡ ಸಂಘಕ್ಕೆ ಕಾರ್ಯದರ್ಶಿಯೂ ಹೌದು. ಮನೆಯ ಬಾಗಿಲಿಗೆ ಫಲಕ ಹಾಕಿಸಿದ್ದೇನೆ. ಅದರಲ್ಲಿ ನನ್ನ ಹೆಸರಿಗಿಂತ ‘ಕಾರ್ಯದರ್ಶಿ’ ಎಂಬ ಅಕ್ಷರಗಳು ದೊಡ್ಡವು.

ಸಂಘದ ಸುದ್ದಿಪತ್ರ ಮೊದಲೂ ಬರುತ್ತಿತ್ತು. ಯಾರೂ ಓದುತ್ತಿರಲಿಲ್ಲ. ಒಮ್ಮೆ ನಮ್ಮ ಅಧ್ಯಕ್ಷರು, ಕುಷ್ಟಗಿಯ ವೀರಭದ್ರಪ್ಪನವರು, ಬಸ್ ನಿಲ್ದಾಣದ ಹತ್ತಿರ ಮಿರ್ಚಿ ಕೇಳಿದರೆ ಅಂಗಡಿಯವನು ಅವರದೇ ಫೋಟೊದ ಮೇಲೆ ಎರಡು ಮಿರ್ಚಿ ಇಟ್ಟು ಕೊಟ್ಟನಂತೆ. ಮಿರ್ಚಿ ತಿಂದು ಮುಗಿಸಿ, ಎಣ್ಣೆಯಲ್ಲಿ ನೆಂದ ತಮ್ಮ ಮುಖವನ್ನು ಮಡಚಿಕೊಂಡು ಬಂದು ಸಭೆಯಲ್ಲಿ ಬಿಚ್ಚಿ ತೋರಿಸಿದರು.

"ಬಂದ್ ಮಾಡಿಬಿಡೂಣ್ರಿ ಇದನ್ನ" ಎಂದರು.

ನಾನು ಎದ್ದು ನಿಂತೆ. ಯಾಕೆ ನಿಂತೆನೋ ಇವತ್ತಿಗೂ ಗೊತ್ತಿಲ್ಲ. "ಒಂದು ಸಂಚಿಕಿ ನನಗ ಕೊಡ್ರಿ! ನಾಕೂ ತಾಲ್ಲೂಕಿನ ಮಂದಿ ಓದಲಿಲ್ಲಂದ್ರ ಕಾರ್ಯದರ್ಶಿ ಕುರ್ಚಿನಽ ಬಿಟ್ಟು ಕೊಡತೀನಿ!"

ಚಪ್ಪಾಳೆ ಬಿತ್ತು. ಆ ಚಪ್ಪಾಳೆ ಯಾವುದಕ್ಕೆ, ನನ್ನ ಧೈರ್ಯಕ್ಕೋ ಕುರ್ಚಿ ಖಾಲಿಯಾಗುವ ಸಂತೋಷಕ್ಕೋ ಎಂದು ಯೋಚಿಸುವ ವ್ಯವಧಾನ ಆಗ ನನಗಿರಲಿಲ್ಲ.

ಮನೆಗೆ ಬಂದು ಹೆಂಡತಿ ಗಿರಿಜಾಳಿಗೆ ಹೇಳಿದೆ. ಆಕೆ ಪುಂಡಿಪಲ್ಯ ಸೋಸುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

"ನಾ ಬರದು ಕೊಟ್ಟ ಕಾಯಿಪಲ್ಯಾದ ಚೀಟಿನಽ ನೀವು ಪೂರ್ತಿ ಓದಂಗಿಲ್ಲ. ನೀವು ಬರದ ನಾಕು ಪುಟ ಯಾರ್ ಓದತಾರ?"

ಇಂಥ ಮಾತಿಗೆ ಕಿವಿಗೊಟ್ಟರೆ ಸಾಹಿತ್ಯ ಬೆಳೆಯುವುದಿಲ್ಲ. ನಾನು ಮೊಬೈಲಿನಲ್ಲಿ ‘ಪರಿಣಾಮಕಾರಿ ಸುದ್ದಿಪತ್ರ ಮಾಡುವುದು ಹೇಗೆ’ ಎಂಬ ವಿಡಿಯೊಗಳನ್ನು ನೋಡಿದೆ. ಎಲ್ಲರ ಉಪದೇಶವೂ ಒಂದೇ: ಚಿಕ್ಕದಾಗಿ ಬರೆಯಿರಿ, ಸದಸ್ಯರ ಸುದ್ದಿಗೆ ಮೊದಲ ಮಣೆ ಹಾಕಿರಿ, ಪುಟದಲ್ಲಿ ಅಲ್ಲಲ್ಲಿ ಖಾಲಿ ಜಾಗ ಬಿಡಿರಿ, ಓದುಗನ ಕಣ್ಣಿಗೆ ಆರಾಮ ಸಿಗಲಿ. ಮೂರೂ ಮಾತು ನನಗೆ ಒಪ್ಪಿಗೆಯಾದವು. ಆದ್ದರಿಂದ ಮೊದಲ ಪುಟ ಪೂರ್ತಿ ನನ್ನ ಸಂಪಾದಕೀಯ ಬರೆದೆ. ‘ಭೂಮಾಪನದಲ್ಲಿ ಮಾನವೀಯತೆ’ ಎಂದು ತಲೆಬರಹ. ಕೊನೆಯ ಪುಟದಲ್ಲಿ ಅಧ್ಯಕ್ಷರ ಸಂದೇಶ. ಮಿರ್ಚಿ ಅಂಗಡಿಯವನಿಗೆ ಅನುಕೂಲವಾಗದಿರಲಿ ಎಂದು ಅವರ ಫೋಟೊ ಸಣ್ಣದು ಮಾಡಿದೆ.

ನಡುವಿನ ಎರಡು ಪುಟ ಸದಸ್ಯರಿಗೆ. ಅಲ್ಲಿ ಮಾತ್ರ ನಾನು ಪಕ್ಕಾ ಭೂಮಾಪಕ. ಎರಡೂ ಪುಟ ಸೇರಿಸಿ ಮಿಲಿಮೀಟರ್ ಹೆಚ್ಚುಕಮ್ಮಿಯಾಗದಂತೆ ನಾಲ್ಕು ಚೌಕ ಮಾಡಿ ಗೆರೆ ಎಳೆದೆ. ಮೇಲೆ ಎಡಕ್ಕೆ ಕೊಪ್ಪಳ, ಬಲಕ್ಕೆ ಗಂಗಾವತಿ. ಕೆಳಗೆ ಎಡಕ್ಕೆ ಕುಷ್ಟಗಿ, ಬಲಕ್ಕೆ ಯಲಬುರ್ಗಾ. ನಾಲ್ಕೂ ತಾಲ್ಲೂಕಿನ ಸದಸ್ಯರಿಗೆ ಗೆರೆ ಎಳೆದ ನಕ್ಷೆ ಕಳಿಸಿ ಸುದ್ದಿ ಕೇಳಿದೆ.

ಗಂಗಾವತಿ ತಾಲ್ಲೂಕಿನಿಂದ ಶ್ರೀರಾಮನಗರದ ಸತ್ಯನಾರಾಯಣ ಬರೆದು ಕಳಿಸಿದ. ಭತ್ತದ ಗದ್ದೆಯ ಕೆಸರಿನಲ್ಲಿ ಸರಪಳಿ ಎಳೆದದ್ದು, ಕಾಲುವೆಗೆ ಜಾರಿ ಬಿದ್ದದ್ದು, ಎದ್ದದ್ದು, ಮತ್ತೆ ಬಿದ್ದದ್ದು. ಯಲಬುರ್ಗಾದಿಂದ ಶರಣಪ್ಪ ಮೂರು ಸಾಲು ಕಳಿಸಿದರು: ‘ಇಲ್ಲಿ ಎಲ್ಲರೂ ಕ್ಷೇಮ. ಮೋಜಣಿ ಕೆಲಸ ನಡೆದಿದೆ. ವಿಶೇಷವೇನೂ ಇಲ್ಲ.’

ಒಂದು ಚೌಕದಲ್ಲಿ ಉಕ್ಕಿ ಹರಿಯುವ ಸುದ್ದಿ, ಅದರ ಕೆಳಗಿನ ಚೌಕದಲ್ಲಿ ಬಟ್ಟಬಯಲು! ನಾನು ಏನು ಮಾಡಿದೆ? ನಡುವಿನ ಗೆರೆ ಅಳಿಸಿದೆ. ಗಂಗಾವತಿಯನ್ನು ಯಲಬುರ್ಗಾದೊಳಗೆ ಬಿಟ್ಟೆ. ಆಮೇಲೂ ಸ್ವಲ್ಪ ಜಾಗ ಉಳಿಯಿತು. ಓದುಗನ ಕಣ್ಣಿಗೆ ಆರಾಮವಿರಲಿ ಎಂದು ಖಾಲಿ ಬಿಟ್ಟೆ. ಯಾವ ಭೂಮಾಪಕನೂ ಇಂಥ ಕೆಲಸ ಮಾಡುವುದಿಲ್ಲ. ಆದರೆ ಆ ಹೊತ್ತಿಗೆ ನಾನು ಸಂಪಾದಕನಾಗಿಬಿಟ್ಟಿದ್ದೆ.

ಸುದ್ದಿಪತ್ರ ಅಚ್ಚಾಗಿ ಎಲ್ಲರ ಕೈ ಸೇರಿದ ಮರುದಿನವೇ ಶರಣಪ್ಪನವರ ಫೋನ್ ಬಂತು. ಓದಿದ್ದಾರೆ! ಹಿಗ್ಗಿ ಹೀರೇಕಾಯಿಯಾದೆ.

"ಸಾಹೇಬ್ರ, ನಮ್ಮ ಜಾಗಾದಾಗ ಗಂಗಾವತಿಯವ್ರು ಬಂದು ಕುಂತಾರಲ್ರಿ?"

"ಶರಣಪ್ಪನವರಽ, ನೀವು ಮೂರಽ ಸಾಲು ಕಳಿಸಿದ್ರಿ."

"ಮೂರು ಸಾಲು ಬಿತ್ತೇವಿ ಅಂದ್ರ ಉಳದ ಹೊಲ ಬಾಜೂದಾವಂದು ಆಗತೈತೇನ್ರಿ? ಬೀಳು ಬಿಟ್ಟಿದ್ವಿ, ಮಾರಿಲ್ಲ!"

ಮೂರನೇ ದಿನ ಟಪಾಲಿನಲ್ಲಿ ಅರ್ಜಿ ಬಂತು. ಹೊಲದ ಗಡಿ ತಪ್ಪಿದಾಗ ಅಳೆದು ಗುರುತಿಸಿ ಕೊಡಿ ಎಂದು ರೈತರು ಹಾಕುವ ಹದ್ದುಬಸ್ತು ಅರ್ಜಿ! ‘ಮಾನ್ಯ ಸಂಪಾದಕರಿಗೆ’ ಎಂದು ಶುರು. ಜೊತೆಗೆ ನನ್ನದೇ ಪುಟದ ನಕ್ಷೆ, ಅಳತೆ ಸಮೇತ. ಕೆಳಗೆ ಚಕ್ಕುಬಂದಿ: ‘ಪೂರ್ವಕ್ಕೆ ಪುಟದ ಅಂಚು, ಪಶ್ಚಿಮಕ್ಕೆ ಕುಷ್ಟಗಿ, ದಕ್ಷಿಣಕ್ಕೆ ಮುದ್ರಕರ ಹೆಸರು, ಉತ್ತರಕ್ಕೆ ಗಂಗಾವತಿಯವರ ಒತ್ತುವರಿ.’

ಸತ್ಯನಾರಾಯಣನಿಗೆ ಫೋನ್ ಮಾಡಿ ಸಮಾಧಾನಕ್ಕೆ ಕೇಳಿಕೊಂಡೆ. ಅವನು ಕಾನೂನು ಬಲ್ಲವ.

"ಅಚ್ಚಾಗಿ ನಾಕು ದಿನ ಆತ್ರಿ. ಯಾರೂ ತಕರಾರು ಮಾಡಿದ್ದಿಲ್ಲ. ಈಗ ಕಬ್ಜಾ ನಮ್ಮದೈತಿ."

ಅಷ್ಟರಲ್ಲಿ ಕುಷ್ಟಗಿಯವರು ಸುಮ್ಮನಿರಲಿಲ್ಲ. ಅಧ್ಯಕ್ಷರೇ ಫೋನ್ ಮಾಡಿದರು. "ಕೊಪ್ಪಳದ ಸುದ್ದಿ ದಾಟದಽ ನಮ್ಮ ಸುದ್ದಿಗೆ ಹೋಗಾಕ ದಾರಿನಽ ಇಲ್ಲಲ್ರಿ! ಮಂದಿ ಹ್ಯಾಂಗ ಬರಬೇಕು ನಮ್ಮ ಕಡೆ?" ಇನ್ನು ಆ ಖಾಲಿ ಜಾಗ! ಓದುಗನ ಕಣ್ಣಿಗೆಂದು ಬಿಟ್ಟದ್ದು ಯಾರ ಹೆಸರಿಗಿದೆ ಎಂದು ಸಂಘದ ವಾಟ್ಸಾಪ್ ಗುಂಪಿನಲ್ಲಿ ಚರ್ಚೆ ಎದ್ದಿತು. ಊರ ದನ ಮೇಯಲು ಬಿಡುವ ಗಾಯರಾಣ ಅದು, ಎಲ್ಲರಿಗೂ ಸೇರಿದ್ದು ಎಂದು ಒಬ್ಬರು ತೀರ್ಪು ಕೊಟ್ಟರು. ಅದಕ್ಕೆ ಹದಿನೇಳು ಹೆಬ್ಬೆಟ್ಟು ಬಿದ್ದವು.

ನಾನೂ ರೇಗಿದೆ. ‘ಆಕ್ಷೇಪಣೆ ಇದ್ದವರು ರವಿವಾರ ಬೆಳಿಗ್ಗೆ ನನ್ನ ಮನೆಗೆ ಬರತಕ್ಕದ್ದು. ಸ್ಥಳ ತನಿಖೆ ಮಾಡಿ ಇತ್ಯರ್ಥ ಪಡಿಸಲಾಗುವುದು’ ಎಂದು ಗುಂಪಿಗೆ ಹಾಕಿದೆ. ಹೆಚ್ಚೆಂದರೆ ಇಬ್ಬರು ಬಂದಾರು ಎಂದುಕೊಂಡಿದ್ದೆ. ನಮ್ಮ ವಾರ್ಷಿಕ ಸಭೆಗೆ ಊಟ ಇಟ್ಟರೂ ಹತ್ತು ಜನ ಸೇರುವುದಿಲ್ಲ.

ರವಿವಾರ ಇಡೀ ಸಂಘ ಬಂತು!

"ಓದಾವ್ರು ಬಂದಾರಂದ್ರಿ, ಎಲ್ಲಾರ ಕೈಯಾಗ ಟೇಪ್ ಅದಾವಲ್ಲ!" ಎಂದು ಗಿರಿಜಾ ಕಿಟಕಿಯಿಂದ ನೋಡಿ ಮಂಡಕ್ಕಿ ಒಗ್ಗರಣೆಗೆ ದೊಡ್ಡ ಬುಟ್ಟಿಯನ್ನೇ ಇಳಿಸಿದಳು. ಪಕ್ಕದ ಮನೆಯ ಹುಸೇನಸಾಬರು, ಬಾಗಿಲು ಕಿಟಕಿ ಮಾಡುವ ಬಡಿಗರು, ತಮ್ಮ ಮನೆಯ ಬೆಂಚು ಕುರ್ಚಿಗಳನ್ನೆಲ್ಲ ತಂದು ಹಾಕಿ, ತಾವೂ ಒಂದು ಚಹಾ ಹಿಡಿದು ಮೂಲೆಯಲ್ಲಿ ಕುಳಿತರು.

ನಾನು ಅಧ್ಯಕ್ಷರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದೆ. "ನನ್ನ ಸಂಪಾದಕೀಯ ಹ್ಯಾಂಗಿತ್ರಿ?"

"ಭಾಳ ಛಲೋ ಇತ್ತು" ಎಂದರು. "ಇಪ್ಪತ್ತಾರು ಸೆಂಟಿಮೀಟರ್."

ಓದಿರಲಿಲ್ಲ. ಒಬ್ಬರೂ ಓದಿರಲಿಲ್ಲ. ಎಲ್ಲರೂ ಅಳೆದಿದ್ದರು!

ತನಿಖೆ ಶುರುವಾಯಿತು. ಸುದ್ದಿಪತ್ರವನ್ನು ಊಟದ ಮೇಜಿನ ಮೇಲೆ ಹರಡಿ ಅಳೆದರು. ಶರಣಪ್ಪನವರ ಅಳತೆ ಒಂದು, ಸತ್ಯನಾರಾಯಣನದು ಇನ್ನೊಂದು. ನಿನ್ನ ಟೇಪ್ ಹಿಗ್ಗಿದೆ ಎಂದು ಇವರು, ನಿನ್ನ ಟೇಪ್ ತುದಿ ಸವೆದಿದೆ ಎಂದು ಅವನು. ಅಧ್ಯಕ್ಷರು ಎದ್ದು, "ಖಾತ್ರಿ ಇದ್ದ ಒಂದು ಉದ್ದಕ್ಕ ಎರಡೂ ಟೇಪ್ ಹಚ್ಚಿ ನೋಡ್ರಿ, ಗೊತ್ತಾಗತೈತಿ" ಎಂದರು. ಆಗ ಕೂಡ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು.

"ನನ್ನ ಮುಂದಿನ ಕಂಪೌಂಡ್ ಗ್ವಾಡಿಗೆ ಹಚ್ರಿ!" ಎಂದೆ ಎದೆ ಉಬ್ಬಿಸಿ. "ಜಾಗಾ ಮೂವತ್ತು ಅಡಿ. ನಾನಽ ನಿಂತು ಅಳದು ಕಟ್ಟಿಸಿದ್ದು. ಒಂದು ಕೂದಲೆಳಿ ಫರಕ್ ಇಲ್ಲ!"

ಸಂಘವೆಲ್ಲ ಹೊರಗೆ ಬಂತು. ಶರಣಪ್ಪ ಟೇಪ್ ಹಚ್ಚಿದರು. ಮೂವತ್ತು ಅಡಿ ಹತ್ತು ಇಂಚು. ಸತ್ಯನಾರಾಯಣ ಹಚ್ಚಿದ. ಮೂವತ್ತು ಅಡಿ ಹತ್ತು ಇಂಚು. ಅಧ್ಯಕ್ಷರು ತಮ್ಮ ಟೇಪ್ ತೆಗೆದರು. ಮೂವತ್ತು ಅಡಿ ಹತ್ತು ಇಂಚು. ಸಂಘ ಹುಟ್ಟಿದಾಗಿನಿಂದ ನಾಲ್ಕು ತಾಲ್ಲೂಕು ಒಮ್ಮತಕ್ಕೆ ಬಂದದ್ದು ಅದೇ ಮೊದಲು!

ಗೋಡೆಯ ಒಂದು ತುದಿಯಲ್ಲಿ ಗಡಿ ತೋರಿಸುವ ಬಾಂದು ಕಲ್ಲು ಇದ್ದಲ್ಲೇ ಇತ್ತು. ಹತ್ತು ಇಂಚು ಹೋದದ್ದು ಇನ್ನೊಂದು ತುದಿಯಲ್ಲಿ, ಹುಸೇನಸಾಬರ ಜಾಗದೊಳಗೆ. ಎಲ್ಲರೂ ಅವರತ್ತ ತಿರುಗಿದರು.

"ನಿಮಗ ಗೊತ್ತಿತ್ತೇನ್ರಿ?" ಎಂದು ಅಧ್ಯಕ್ಷರು ಕೇಳಿದರು.

"ಪಾಯಾ ತಗದ ದಿನಾನಽ ಗೊತ್ತಿತ್ರಿ" ಎಂದರು ಹುಸೇನಸಾಬರು, ಲೋಟ ಕೆಳಗಿಡುತ್ತ. "ನಂದೂ ಅಳತಿ ಕೆಲಸಽ ಅಲ್ಲೇನ್ರಿ? ಆದ್ರ ಸಾಹೇಬ್ರು ಓದಿದಾವ್ರು, ಸರಕಾರದ ಪರವಾನಗಿ ಐತಿ. ನಂದಽ ತಪ್ಪಿರಬೇಕು ಅಂತ ಸುಮ್ಮನಿದ್ದೆ."

ನನಗೆ ನಿಜವಾಗಿ ನಾಚಿಕೆಯಾಯಿತು. ಹನ್ನೊಂದು ವರ್ಷ ಆ ಮನುಷ್ಯನ ಹತ್ತು ಇಂಚಿನ ಮೇಲೆ ಕುಳಿತು ಊರಿಗೆಲ್ಲ ಗಡಿ ತೋರಿಸಿದ್ದೆ. "ನಾಳೆನಽ ಒಡಿಸಿ ಹಿಂದ ಕಟ್ಟಿಸ್ತೀನ್ರಿ" ಎಂದೆ. ಅವರು ಬೇಡ ಎಂದರು, ನಾನು ಬಿಡಲಿಲ್ಲ. ಮರುದಿನವೇ ಗೋಡೆ ಒಡೆಸಿದೆ. ಹೊಸ ಗೋಡೆಗೆ ಅವರೇ ಅಳತೆ ಹಿಡಿದು ಕೊಟ್ಟರು.

ಆ ರವಿವಾರ ಮಾತ್ರ ಕಾರ್ಯದರ್ಶಿಯ ಗೋಡೆಯೇ ಸಿಕ್ಕಿಬಿದ್ದ ಸಂತೋಷದಲ್ಲಿ ಯಲಬುರ್ಗಾ ಗಂಗಾವತಿಯ ಜಗಳ ಎಲ್ಲರಿಗೂ ಮರೆತೇಹೋಯಿತು. ಒಗ್ಗರಣೆ ತಿಂದು ಅಲ್ಲೇ ಸಭೆ ಮಾಡಿ, ಶರಣಪ್ಪನವರನ್ನು ಹೊಸ ಸಂಪಾದಕರನ್ನಾಗಿ ಆರಿಸಿದರು. ಮಾತು ಕೊಟ್ಟಂತೆ ನಾನು ಕಾರ್ಯದರ್ಶಿ ಸ್ಥಾನಕ್ಕೆ ರಾಜೀನಾಮೆ ಬರೆದುಕೊಟ್ಟೆ. ಅಧ್ಯಕ್ಷರು ಹರಿದು ಹಾಕಿದರು.

"ನೀವು ಇರಬೇಕ್ರಿ" ಎಂದರು. "ಪತ್ರಿಕಿಗೆ ಸುದ್ದಿ ಬೇಕಲ್ಲ!"

ಮುಂದಿನ ಸಂಚಿಕೆ ಬಂತು. ಮೊದಲ ಪುಟದಲ್ಲಿ ನನ್ನ ಕಂಪೌಂಡಿನ ನಕ್ಷೆ, ಒತ್ತುವರಿಗೆ ಕೆಂಪು ಬಣ್ಣ. ‘ಕಾರ್ಯದರ್ಶಿಗಳ ಗೋಡೆ’ ಎಂದು ಮೂರು ಕಾಲಮ್ಮಿನ ಬರಹ. ಯಲಬುರ್ಗಾದ ಆ ಮನುಷ್ಯನಿಗೆ ಇಷ್ಟು ಚೆನ್ನಾಗಿ ಬರೆಯಲು ಬರುತ್ತದೆಂದು ಯಾರಿಗೆ ಗೊತ್ತಿತ್ತು! ಸದಸ್ಯರು ಓದಿದರು. ಸದಸ್ಯರ ಹೆಂಡಂದಿರು ಓದಿದರು. ಗಿರಿಜಾ ಎರಡು ಸಲ ಓದಿ, ಹುಸೇನಸಾಬರ ಮನೆಯವರಿಗೂ ಓದಿ ಹೇಳಿದಳು. ಆ ಸಂಚಿಕೆಯ ಒಂದು ಹಾಳೆಯೂ ಮಿರ್ಚಿ ಅಂಗಡಿ ಸೇರಲಿಲ್ಲ; ಕೈಯಿಂದ ಕೈಗೆ ದಾಟಿ ಹಳ್ಳಿಗಳ ರೈತರವರೆಗೂ ಹೋಯಿತು.

ಮೊನ್ನೆ ಇರಕಲ್ಲಗಡದ ಕಡೆ ಒಂದು ಹೊಲ ಅಳೆಯಲು ಹೋಗಿದ್ದೆ. ಕರೆಸಿದ ರೈತ ನನ್ನನ್ನು ದೂರದಿಂದಲೇ ಕಂಡು ಮಗನಿಗೆ ಹೇಳುತ್ತಿದ್ದ: "ಇವರಽ ನೋಡು, ಪತ್ರಿಕ್ಯಾಗ ಬಂದಿದ್ರಲ್ಲ, ಗ್ವಾಡಿ ಸಾಹೇಬ್ರು. ಬೇಕಂತ ಇವರನ್ನಽ ಕರಸೀನಿ. ಕರಸಿದಾವಂಗ ಹತ್ತು ಇಂಚು ಹೆಚ್ಚಿಗಿ ಬರತೈತಂತ!"

ಬಾಜು ಹೊಲದವನೂ ಓದಿದ್ದ ಎಂದು ಕಾಣುತ್ತದೆ. ಅಳತೆ ಮುಗಿಯುವವರೆಗೂ ಟೇಪಿನ ತುದಿಯನ್ನು ಅವನು ನನ್ನ ಕೈಗೆ ಕೊಡಲೇ ಇಲ್ಲ.