ಲಿನಕ್ಸ್ ವಿಸರ್ಜನೆಯೂ ಹಾಲೇಶನ ಲಗ್ನಪತ್ರಿಕೆಯೂ

ನ್ಯಾಮತಿಯಲ್ಲಿ ನನಗೆ ಗಣಿತದ ಮೇಷ್ಟ್ರು ಎನ್ನುವುದಕ್ಕಿಂತ ಕಂಪ್ಯೂಟರ್ ಗೊತ್ತಿರುವ ಮೇಷ್ಟ್ರು ಎಂದೇ ಹೆಸರು. ಆ ಹೆಸರು ಊರವರು ಕೊಟ್ಟದ್ದಲ್ಲ, ನಾನೇ ಹಬ್ಬಿಸಿದ್ದು. ಅದನ್ನು ಉಳಿಸಿಕೊಳ್ಳಲು ಎರಡು ವರ್ಷದ ಹಿಂದೆ ಮನೆಯ ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ ಜೊತೆ ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮನ್ನೂ ತುಂಬಿದ್ದೆ. ಅಂದಿನಿಂದ ಬಟನ್ ಒತ್ತಿದರೆ ಕಪ್ಪು ಪರದೆಯೊಂದು ಬಂದು, ಎರಡರಲ್ಲಿ ಯಾವುದು ಬೇಕು ಎಂದು ಕೇಳುತ್ತಿತ್ತು. ಹತ್ತು ಸೆಕೆಂಡಿನಲ್ಲಿ ಹೇಳದಿದ್ದರೆ ತಾನೇ ಲಿನಕ್ಸಿಗೆ ಹೋಗಿ ಕೂರುತ್ತಿತ್ತು. ನನ್ನ ಹೆಂಡತಿ ಗಿರಿಜಾ ಒಂದು ಸಲವೂ ಆ ಹತ್ತು ಸೆಕೆಂಡನ್ನು ಗೆದ್ದವಳಲ್ಲ.

"ರೀ, ಒಂದು ಮನೆಗೆ ಎರಡು ಒಲೆ ಯಾಕ್ರಿ? ಅದನ್ನ ತೆಗೆದು ಹಾಕ್ರಿ," ಎಂದಳು ಒಂದು ಭಾನುವಾರ ಬೆಳಿಗ್ಗೆ, ಉಪ್ಪಿಟ್ಟಿನ ತಟ್ಟೆ ಇಡುತ್ತಾ.

"ಈ ಉಪ್ಪಿಟ್ಟು ಆರೋದ್ರೊಳಗೆ ತೆಗೀತೀನಿ ನೋಡು."

ಆ ಭಾನುವಾರ ಸಾಮಾನ್ಯ ಭಾನುವಾರವಲ್ಲ. ಅವಳ ತಮ್ಮ ಹಾಲೇಶನ ಮದುವೆ ಗೊತ್ತಾಗಿತ್ತು. ಲಗ್ನಪತ್ರಿಕೆ ಟೈಪು ಮಾಡುವ ಪವಿತ್ರ ಕಾರ್ಯ ಹಿರಿಯ ಅಳಿಯನಾದ ನನ್ನದು. ಪತ್ರಿಕೆಯಲ್ಲಿ 'ಸುಖಾಗಮನ ಬಯಸುವವರು' ಎಂದು ಹೆಸರುಗಳ ಸಾಲಿರುತ್ತದಲ್ಲ, ಅದಕ್ಕೇ ಮೂರು ವಾರ ಹಿಡಿದಿತ್ತು. ದೊಡ್ಡಪ್ಪ ಮೇಲೋ, ಸೋದರಮಾವ ಮೇಲೋ ಎಂದು ಬಸವಾಪಟ್ಟಣದ ಮಾವನ ಮನೆಯಲ್ಲಿ ನಾಲ್ಕು ಪಂಚಾಯ್ತಿ ನಡೆದವು. ಸೋದರಮಾವ ಊಟದ ಎಲೆ ಬಿಟ್ಟು ಎದ್ದೂ ಹೋದರು. ಅವರನ್ನು ಬಸ್‌ಸ್ಟ್ಯಾಂಡಿನಿಂದ ವಾಪಸ್ ಕರೆತಂದ ಮೇಲೆ ಒಂದು ಕ್ರಮ ನಿಂತಿತು. ನನ್ನ ಹೆಸರು ಮೂರನೆಯದು, ಶ್ರೀ ಬಸವರಾಜಪ್ಪ ಎಂದು, ಎಂ.ಎಸ್ಸಿ., ಬಿ.ಎಡ್. ಸಮೇತ! ಅಚ್ಚಾಗುವ ತನಕ ಯಾರಿಗೂ ತೋರಿಸಬೇಡಿ, ತೋರಿಸಿದರೆ ಮತ್ತೆ ತಕರಾರು ಎಂದು ಮಾವನವರು ನನ್ನಿಂದ ಮಾತು ತೆಗೆದುಕೊಂಡಿದ್ದರು. ಹೆಸರು ಬರೆದಿದ್ದ ಹಾಳೆಯನ್ನು, ಈ ಕಾಲದಲ್ಲಿ ಕಾಗದ ಯಾಕೆ ಎಂದು ನಾನು ಬಚ್ಚಲ ಒಲೆಗೆ ಹಾಕಿದ್ದೆ. ಇನ್ನು ಉಳಿದಿದ್ದು ಲ್ಯಾಪ್‌ಟಾಪಿನ ಫೈಲು ಮಾತ್ರ. ಅದು ಮಧ್ಯಾಹ್ನ ಎರಡರೊಳಗೆ ಚನ್ನಗಿರಿಯ ಪ್ರೆಸ್ಸಿಗೆ ಮುಟ್ಟಬೇಕಿತ್ತು.

ವಿಂಡೋಸ್ ತೆರೆದು, ಲಿನಕ್ಸ್ ಇದ್ದ ಭಾಗವನ್ನು ಆರಿಸಿ, ಡಿಲೀಟ್ ಒತ್ತಿದೆ. ನಿಜವಾಗಿಯೂ ತೆಗೆಯಲೇ ಎಂದು ಕೇಳಿತು. ಇಂಥ ಪ್ರಶ್ನೆಗಳು ಅಂಜುಬುರುಕರಿಗೆ. ಹೂಂ ಎಂದೆ. ಉಪ್ಪಿಟ್ಟಿನ್ನೂ ಬಿಸಿಯಿತ್ತು. ಲ್ಯಾಪ್‌ಟಾಪ್ ಬಂದ್ ಮಾಡಿ ಮತ್ತೆ ಹಚ್ಚಿದೆ.

ಕಪ್ಪು ಪರದೆ. ಅದರ ಮೇಲೆ ಇಂಗ್ಲಿಷಿನಲ್ಲಿ 'ಗ್ರಬ್ ರೆಸ್ಕ್ಯೂ' ಎಂಬ ಎರಡೇ ಪದ. ಪಕ್ಕದಲ್ಲೊಂದು ಗೆರೆ ಮಿಟುಕುತ್ತಿತ್ತು.

ಆಗ ಜ್ಞಾನೋದಯವಾಯಿತು. ಯಂತ್ರದ ಬಾಗಿಲು ತೆರೆಯುವ ಕೆಲಸವನ್ನೂ ಎರಡು ವರ್ಷದಿಂದ ಲಿನಕ್ಸೇ ಮಾಡುತ್ತಿತ್ತು. ಬಾಡಿಗೆಯವನನ್ನು ಓಡಿಸಿದೆ, ಮನೆಯ ಕೀಲಿಕೈ ಅವನ ಜೇಬಿನಲ್ಲೇ ಹೋಯಿತು. ವಿಂಡೋಸ್ ಒಳಗೆ ಕ್ಷೇಮವಾಗಿತ್ತು, ಹೊರಗೆ ಬರಲು ದಾರಿಯಿರಲಿಲ್ಲ.

"ಕರೆಂಟ್ ಹೋಯ್ತಾ ಅಪ್ಪ?" ಎಂದಳು ಯುಕೆಜಿ ಓದುವ ಮಗಳು ಚಿನ್ನು.

ಅಷ್ಟರಲ್ಲಿ ಹಾಲೇಶನ ಬೈಕು ಬಾಗಿಲಿಗೆ ಬಂತು. ಫೈಲು ಒಯ್ಯಲು ತನ್ನ ಟ್ರ್ಯಾಕ್ಟರಿನ ಪೆನ್‌ಡ್ರೈವನ್ನೇ ಕಿತ್ತು ತಂದಿದ್ದ. "ಭಾವ, ಇದ್ರಾಗೆ ಹಾಕ್ಕೊಡ್ರಿ. ನನ್ನ ಹಾಡು ಅದಾವೆ, ಹುಷಾರು."

"ಕೂತ್ಕೋ, ಕಾಫಿ ಕುಡಿ. ಐದು ನಿಮಿಷ," ಎಂದು ಪೆನ್‌ಡ್ರೈವ್ ಇಸಕೊಂಡು ಹಿತ್ತಲ ಬಾಗಿಲಿನಿಂದ ಓಡಿದೆ. ಬಾಗಿಲು ರಿಪೇರಿ ಮಾಡಬೇಕಾದರೆ ವಿಂಡೋಸ್ ತುಂಬಿದ ಪೆನ್‌ಡ್ರೈವ್ ಬೇಕು. ಬೀದಿ ತುದಿಯ ಜೆರಾಕ್ಸ್ ಅಂಗಡಿಯ ನಾಗಪ್ಪನವರ ಕಂಪ್ಯೂಟರಿನಲ್ಲಿ ಅದನ್ನು ತುಂಬಬಹುದಿತ್ತು.

"ಸಾರ್, ಇದ್ರಾಗಿರೋದೆಲ್ಲ ಅಳಿಸಿ ಹೋಗ್ತೈತೆ. ಹಾಕ್ಲಾ?"

ಒಂದು ಕಡೆ ಹಾಲೇಶನ ಹಾಡು, ಒಂದು ಕಡೆ ಹಾಲೇಶನ ಮದುವೆ. "ಹಾಕ್ರಿ," ಎಂದೆ. ಅವನ ಒಳ್ಳೆಯದಕ್ಕೇ ತಾನೇ!

ಮನೆಗೆ ಬಂದಾಗ ಹನ್ನೊಂದೂವರೆ. ಪೆನ್‌ಡ್ರೈವ್ ಚುಚ್ಚಿ, ಮೊಬೈಲಿನಲ್ಲಿ ನೋಡಿಕೊಂಡು ಆಜ್ಞೆಗಳನ್ನು ಟೈಪಿಸಿದೆ. ಮೊದಲನೆಯದಕ್ಕೆ ತಪ್ಪು ಎಂದಿತು. ಎರಡನೆಯದಕ್ಕೂ ತಪ್ಪು ಎಂದಿತು. ಹೀಗೆ ಮಕ್ಕಳಿಗೆ ನಾನು ತಪ್ಪು ಹಾಕುತ್ತೇನೆ, ಅದರ ಸುಖ ದುಃಖ ಅವತ್ತು ಗೊತ್ತಾಯಿತು. ನಾಲ್ಕನೆಯ ಸಲ ಸರಿಯಾಗಿ ಹೊಡೆದೆ. ವಿಂಡೋಸ್ ನಗುನಗುತ್ತಾ ಎದ್ದು ಬಂತು. ಯಾವುದು ಬೇಕು ಎನ್ನುವ ಪ್ರಶ್ನೆಯೂ ಇಲ್ಲ! ನಾನು ಚಿನ್ನುವನ್ನು ಎತ್ತಿ ನಡುಮನೆಯಲ್ಲಿ ಎರಡು ಸುತ್ತು ಕುಣಿದೆ. ಬದುಕಿನಲ್ಲಿ ಅಷ್ಟು ಸಂತೋಷ ಬಿ.ಎಡ್. ಪಾಸಾದಾಗಲೂ ಆಗಿರಲಿಲ್ಲ.

"ಸರಿ, ಈಗ ಪತ್ರಿಕೆ ಕೊಡ್ರಿ," ಎಂದಳು ಗಿರಿಜಾ.

ಹುಡುಕಿದೆ. ಮತ್ತೆ ಹುಡುಕಿದೆ. ಆಮೇಲೆ ನೆನಪಾಯಿತು. ಪತ್ರಿಕೆ ಟೈಪಿಸಿದ ದಿನ ನಾನು ಕನ್ನಡಕ ಹುಡುಕುವಷ್ಟರಲ್ಲಿ ಹತ್ತು ಸೆಕೆಂಡು ದಾಟಿತ್ತು. ಲಿನಕ್ಸಿನಲ್ಲೇ ಕೂತು ಟೈಪಿಸಿ, ಅಲ್ಲೇ ಉಳಿಸಿದ್ದೆ.

ಗಿರಿಜಾ ಬೈಯಲಿಲ್ಲ. ಅದೇ ಹೆದರಿಕೆ. ಚಿನ್ನುವಿನ ಕಾಪಿ ಪುಸ್ತಕ ತೆಗೆದು ಕೂತು, ಒಬ್ಬೊಬ್ಬರಿಗೇ ಫೋನ್ ಹಚ್ಚಿದಳು. ತಮ್ಮ ಹೆಸರೇ ಮೊದಲಿತ್ತು ಎಂದರು ದೊಡ್ಡಪ್ಪ. ತಮ್ಮದೇ ಮೊದಲು ಎಂದರು ಸೋದರಮಾವ. ಮೂರನೆಯ ಜಾಗ ತಮ್ಮದೆಂದು ಹೇಳಿದವರೇ ಮೂರು ಜನ. ಹಾಲೇಶ ಗೋಡೆಗೆ ಒರಗಿ, "ಅಕ್ಕ, ನನ್ನ ಹೆಸರಾದ್ರೂ ಇರ್ತೈತಾ?" ಎಂದ.

"ಒಂದು ಜಾಗ ಖಾಲಿ ಮಾಡಿದ್ರೆ ಎಲ್ಲಾರನ್ನೂ ಹೊಂದಿಸಾಕೆ ಆಗ್ತೈತ್ರಿ," ಎಂದು ಅವಳು ನನ್ನನ್ನೇ ನೋಡಿದಳು.

ತಪ್ಪು ಮಾಡಿದವನಿಗೆ ಔದಾರ್ಯ ತಾನಾಗಿ ಬರುತ್ತದೆ. "ನಂದು ತೆಗಿ. ಎಲ್ಲಾದರೂ ಒಂದು ಕಡೆ ಹಾಕಿದ್ರೆ ಸಾಕು," ಎಂದೆ.

ಗಿರಿಜಾ ಬರೆದು ಹರಿದುಕೊಟ್ಟ ಹಾಳೆಯನ್ನು ಹಾಲೇಶ ಜೇಬಿಗಿಟ್ಟು ಹೊರಟ. ಒಂದೂ ಐವತ್ತಕ್ಕೆ ಚನ್ನಗಿರಿ ಮುಟ್ಟಿದನಂತೆ. ದಾರಿಯಲ್ಲಿ ಟ್ರ್ಯಾಕ್ಟರಿನ ಹಾಡುಗಳ ನೆನಪಾಗಿ ಫೋನ್ ಮಾಡಿದ್ದ, ನಾನು ಎತ್ತಲಿಲ್ಲ.

ವಾರದ ಮೇಲೆ ಪತ್ರಿಕೆ ಬಂತು. ಮೊದಲ ಪ್ರತಿಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ದೇವರ ಮುಂದಿಟ್ಟು, ಮಾವನವರು ಎಲ್ಲರೆದುರು ಓದಿದರು. ದೊಡ್ಡವರ ಸಾಲಿನಲ್ಲಿ ಯಾರಿಗೂ ತಕರಾರಿರಲಿಲ್ಲ. ನನ್ನ ಹೆಸರೂ ಇರಲಿಲ್ಲ. ಮಾವನವರು ಕನ್ನಡಕ ಸರಿಮಾಡಿಕೊಂಡು ಪತ್ರಿಕೆಯ ಕಟ್ಟಕಡೆಗೆ ಬಂದರು. ಅಲ್ಲಿ ಗುಲಾಬಿ ಬಣ್ಣದಲ್ಲಿ, ಎರಡು ಗಿಳಿಗಳ ನಡುವೆ ಹೀಗೆ ಅಚ್ಚಾಗಿತ್ತು:

'ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ. ಇಂತಿ ಪುಟಾಣಿಗಳು: ಚಿನ್ನು, ಪಿಂಟು, ಗುಂಡ ಹಾಗೂ ಶ್ರೀ ಬಸವರಾಜಪ್ಪ, ಎಂ.ಎಸ್ಸಿ., ಬಿ.ಎಡ್.'